ಕತ್ತರಿಗೆ ಸಿಕ್ಕ ಬಂದರು

ಕಮಲಾಪುರದ ಸರ್ಕಾರಿ ಅತಿಥಿಗೃಹದ ಅಧಿಕಾರಿಗಳು ಒಂದು ಬಂದರನ್ನು ಕತ್ತರಿಯಿಂದ ಹಾಳುಮಾಡಿದ್ದಾರೆ. ಕಲಬುರಗಿಯಿಂದ ಬಂದು ಅಲ್ಲಿ ಇಳಿದುಕೊಂಡ ನಾನು ಅದನ್ನು ಊಟದ ಕೋಣೆಯ ಗೋಡೆಯಲ್ಲಿ ಕಂಡೆ. ತಾಮ್ರದ ತಗಡಿನ ಮೇಲೆ ಕೊರೆದು ಕಾಗದಕ್ಕೆ ಅಚ್ಚೊತ್ತಿದ, ಹತ್ತೊಂಬತ್ತನೆಯ ಶತಮಾನದ ಚಿತ್ರ. ವಿಶಾಲವಾದ ಮುಗಿಲು, ಹಡಗು, ನಿಶ್ಚಲ ನೀರು. ಆದರೆ ಹಡಗಿನ ಹಗ್ಗಗಳೆಲ್ಲ ಬಿಗಿಯಾಗಿ ಕೆಳಗಿಳಿದು ಚೌಕಟ್ಟಿನ ಅಂಚಿನಲ್ಲೇ ಕೊನೆಯಾಗಿದ್ದವು. ಅವನ್ನು ಎಳೆಯುವ ಕೈಗಳೆಲ್ಲಿ?

“ವರ್ಗ ಆದ ಸಾಹೇಬರ ಫೋಟೋದ್ದು ಫ್ರೇಮ್ ಖಾಲಿ ಬಿದ್ದಿತ್ರೀ. ಅದರಾಗ ಈ ಚಿತ್ರ ಕೂಡ್ಲಿ ಅಂತ ಕೆಳಗ ಕತ್ತರಿಸಿದ್ರು,” ಎಂದರು ಅಡುಗೆಯ ಶರಣಮ್ಮ. “ಆ ತುಂಡು ಒಡೆದ ಕಿಡಕಿಗೆ ಹಚ್ಚ್ಯಾರ. ಬರೇ ಹಮಾಲರು ಅದಾರ್ರೀ ಅಕ್ಕಾರ. ನಮ್ಮ ಮನ್ಯಾಗೂ ಒಬ್ಬಾಂವ ಅದಾನ, ಅವನ್ನ ಯಾರು ಗ್ವಾಡಿಗೆ ಹಾಕ್ತಾರ!”

ಅಡುಗೆಮನೆಯ ಕಿಟಕಿಯಲ್ಲಿ, ಹಿಂದಿನಿಂದ ಬಿದ್ದ ಬಿಸಿಲಿಗೆ, ಬಾಗಿದ ಬೆನ್ನುಗಳ ಸಾಲು ಕಾಣಿಸಿತು. ಇವರಿದ್ದಾಗ ಆ ಬಂದರು ಶಾಂತವಲ್ಲ. ಇಡೀ ಚಿತ್ರವೇ ಮೈಬಗ್ಗಿಸಿ ದುಡಿಯುತ್ತದೆ. ದುಡಿಯುವವರನ್ನು ಕಿತ್ತುಹಾಕಿ ಉಳಿದುದನ್ನು ಶಾಂತಿಯೆಂದು ಕರೆಯಲು ನಾನು ಒಪ್ಪುವುದಿಲ್ಲ. ಒಗ್ಗರಣೆಯ ಹೊಗೆಗೆ ಕಾಗದ ಆಗಲೇ ಪುಡಿಯಾಗುತ್ತಿದೆ.

ಈ ಕತ್ತರಿಗೆ ಅನುಮತಿ ಕೊಟ್ಟವರು ಯಾರೆಂದು ಸಂಬಂಧಪಟ್ಟ ಇಲಾಖೆ ಲಿಖಿತವಾಗಿ ಉತ್ತರಿಸಬೇಕು; ಹಮಾಲರನ್ನು ಕೂಡಲೇ ಕಿಟಕಿಯಿಂದ ಬಿಡಿಸಿ, ಅವರ ಹಗ್ಗಗಳನ್ನು ಅವರ ಕೈಗೆ ಮರಳಿಸಬೇಕೆಂದು ಕೋರುತ್ತೇನೆ.