ಸಂಡಿಗೆ ಹಿಟ್ಟಿನ ರೈಲು

ಆಗೆಲ್ಲ ಕಾಮೋಠೆಯಲ್ಲಿ ಜನ ಇದ್ದ ಮನೆಗಳಿಗಿಂತ ಕಟ್ಟುತ್ತಿದ್ದ ಮನೆಗಳೇ ಹೆಚ್ಚು. ಅಪ್ಪ ವಾಶಿಯ ಹೋಟೆಲಿನಲ್ಲಿ ಮ್ಯಾನೇಜರ್. ಮೇ ರಜೆಗೆ ಉಡುಪಿಗೆ ಹೋಗಲಾಗದ ಆ ವರ್ಷ ಅಮ್ಮ ಹಟ ಹಿಡಿದು ಬಿಲ್ಡಿಂಗಿನ ಟೆರೇಸಿನಲ್ಲೇ ಸಂಡಿಗೆ ಹಾಕಿದಳು. ಮೆಟ್ಟಿಲ ತುಂಬ ಇಂಗು, ಜೀರಿಗೆಯ ಘಮ. ಕಾಗೆ ಓಡಿಸುವ ಕೆಲಸ ನನಗೂ ಹದಿನಾಲ್ಕು ವರ್ಷದ ಸುಜಯಕ್ಕನಿಗೂ.

ಎದುರು ಏಳುತ್ತಿದ್ದ ಕಟ್ಟಡದಲ್ಲಿ ಗಾರೆ ಕೆಲಸಕ್ಕೆಂದು ಕಲಬುರಗಿ ಕಡೆಯಿಂದ ಬಂದವರ ಮಗಳು ರೇಣುಕಾ. ಅವಳಿಗೆ ಹುಟ್ಟಿನಿಂದ ಕಣ್ಣು ಕಾಣದು. ಆದರೂ ಚೌಕಾಬಾರದಲ್ಲಿ ಕವಡೆಗಳನ್ನು ಸವರಿ ನೋಡಿ ನನ್ನ ಮೋಸವನ್ನೆಲ್ಲ ಹಿಡಿಯುತ್ತಿದ್ದಳು. ಚಿತ್ರದ ಪುಸ್ತಕ ಬಿಚ್ಚಿದಾಗ ಮಾತ್ರ ನಾವು ನಕ್ಕ ಮೇಲೆ ತಾನೂ ನಗುತ್ತಿದ್ದಳು. ಅಕ್ಕನಿಗೆ ಅದು ಚುಚ್ಚಿತು. ಈ ಕಟ್ಟಡ ಮುಗಿಯುವುದರೊಳಗೆ ನಿನಗೇ ಒಂದು ಪುಸ್ತಕ ಮಾಡಿಕೊಡುತ್ತೇನೆ ಎಂದು ಮಾತು ಕೊಟ್ಟುಬಿಟ್ಟಳು.

ಅಮ್ಮನ ಹಿಟ್ಟು ಕದ್ದು, ಹಾಲಿನ ಪ್ಯಾಕೆಟ್ಟಿನ ಮೂಲೆ ಕತ್ತರಿಸಿ ಅದರಲ್ಲಿ ತುಂಬಿ, ಮಿಠಾಯಿ ಡಬ್ಬದ ರಟ್ಟಿನ ಮೇಲೆ ಹಿಂಡುತ್ತ ರೈಲು ಬಿಡಿಸಿದಳು. ಎರಡು ದಿನದ ಬಿಸಿಲಿಗೆ ಗೆರೆಗಳು ಗಟ್ಟಿಯಾದವು. ರೇಣುಕಾ ಬೆರಳಾಡಿಸಿದಳು, ಮೂಸಿದಳು, ಒಂದು ಚಕ್ರವನ್ನು ಮುರಿದು ಬಾಯಿಗೆ ಹಾಕಿಕೊಂಡಳು. ಹಪ್ಪಳ ಅಂದಳು. ನಾನು ಬಿದ್ದು ಬಿದ್ದು ನಕ್ಕೆ. ಅದು ರೈಲು ಎಂದು ಅಕ್ಕ ವಿವರಿಸಿದಳು.

"ಇದು ರೈಲಲ್ಲಕ್ಕ. ರೈಲಾಗ ಕಂಬ ಇರ್ತದ, ತಣ್ಣಗ. ಮ್ಯಾಲ ಹಿಡಿಕಿ ಟಕ್ ಟಕ್ ಅಂತಾವ. ಅವ್ವನ ಸೀರಿ ಹಿಡ್ಕೊಂಡು ನಿಂದ್ರಬೇಕು."

ಅಕ್ಕನ ಮುಖ ಸಣ್ಣದಾಯಿತು. ಅವಳು ಬರೆದದ್ದು ದೂರ ನಿಂತು ಕಂಡ ರೈಲು; ರೇಣುಕಾಗೆ ಗೊತ್ತಿದ್ದದ್ದು ಒಳಗಿನ ರೈಲು. ನಾನಾಗಿದ್ದರೆ ರಟ್ಟು ಎಸೆದು ಮುಖ ಊದಿಸಿಕೊಂಡಿರುತ್ತಿದ್ದೆ. ಅಕ್ಕ ಅವಳ ಪಕ್ಕದಲ್ಲೇ ಕೂತಳು.

"ಹಾಗಾದ್ರೆ ನೀನೇ ಹೇಳು ಮಾರಾಯ್ತಿ. ನೀನು ಹೇಳಿದ ಹಾಗೆ ಮಾಡ್ತೇನೆ."

ಆ ವಯಸ್ಸಿಗೆ ಅವಳಿಗೆ ಅಷ್ಟು ದೊಡ್ಡ ಮನಸ್ಸು ಎಲ್ಲಿಂದ ಬಂತೋ, ಇವತ್ತಿಗೂ ನನಗೆ ಬೆರಗು. ಸ್ಟೀಲ್ ಚಮಚದ ಹಿಡಿ ಕಂಬವಾಯಿತು. ದಾರಕ್ಕೆ ಕಟ್ಟಿದ ಬಳೆಗಳು ಟಕ್ ಟಕ್ ಎಂದವು. ಸೀರೆಯ ತುಂಡು ಯಾವ ಸೀರೆಯದೆಂದು ತಿಳಿದ ದಿನ ಅಮ್ಮ ಇಬ್ಬರಿಗೂ ಬಾರಿಸಿದಳು. ಒಂದೊಂದು ಪುಟವನ್ನೂ ರೇಣುಕಾ ಎರಡು ಮೂರು ಸಲ ತಪ್ಪು ಅಂದಳು, ಅಕ್ಕ ಬಿಚ್ಚಿ ಮತ್ತೆ ಹೊಲಿದಳು.

ಐದನೆಯ ಪುಟ ಮುಗಿಸಿ ಒಂದು ಬೆಳಿಗ್ಗೆ ಪುಸ್ತಕ ಹಿಡಿದು ಹೋದರೆ ತಗಡಿನ ಶೆಡ್ ಖಾಲಿ. ಕಾಂಟ್ರಾಕ್ಟರ್ ಎಲ್ಲರನ್ನೂ ಬೇರೆ ಸೈಟಿಗೆ ಕರೆದೊಯ್ದಿದ್ದ. ಯಾವ ಸೈಟೆಂದು ವಾಚ್‌ಮನ್‌ಗೂ ಗೊತ್ತಿರಲಿಲ್ಲ. ಅಕ್ಕ ಅಲ್ಲೇ ಮರಳಿನ ರಾಶಿಯ ಮೇಲೆ ಕೂತು ಅತ್ತಳು.

ಈಗ ಡೊಂಬಿವಲಿಯಲ್ಲಿರುವ ಅಕ್ಕನ ಮನೆಯಿಂದ ಅವಳೇ ಮಾಡಿದ, ಮುಟ್ಟಿ ಓದುವ ಪುಸ್ತಕಗಳು ಎಷ್ಟೋ ಶಾಲೆಗಳಿಗೆ ಹೋಗುತ್ತವೆ. ಕಣ್ಣು ಕಾಣುವ ಮಕ್ಕಳೂ ಕಾಣದ ಮಕ್ಕಳೂ ಒಂದೇ ಪುಟಕ್ಕೆ ಕಿತ್ತಾಡುತ್ತಾರೆ. ಟೀಚರುಗಳು ಹೊಗಳುತ್ತಾರೆ, ನಾನಂತೂ ನೆಂಟರಿಷ್ಟರಿಗೆಲ್ಲ ಕೊಚ್ಚಿಕೊಳ್ಳುತ್ತೇನೆ. ಅಕ್ಕ ಮಾತ್ರ ಪ್ರತಿ ಹೊಸ ಪುಸ್ತಕ ಮುಗಿದಾಗ ಕಣ್ಣು ಮುಚ್ಚಿ ಅದನ್ನು ಸವರುತ್ತ ಬಹಳ ಹೊತ್ತು ಕೂರುತ್ತಾಳೆ.

"ಎಲ್ಲರೂ ಚೆಂದ ಉಂಟು ಅಂತಾರೆ," ಎನ್ನುತ್ತಾಳೆ. "ಇದು ರೈಲಲ್ಲ ಅಂತ ಹೇಳುವವಳೇ ಇಲ್ಲ."