ದಾಸಣ್ಣ ಕುಳಿತಾಗ ಆದದ್ದೇನು

ತೋಡಾರಿನ ಪಾತುಮ್ಮ ಒಂದು ನಾಟಕವನ್ನು ಒಮ್ಮೆಯೂ ನೋಡದೆ ಪೂರ್ತಿ ಬಾಯಿಪಾಠ ಮಾಡಿದ್ದಳು. ಅದರ ಹೆಸರು 'ಮದಿಮಾಯನ ಕೊಡೆ'. ಮದುಮಗ ತನ್ನ ಕೊಡೆಯನ್ನು ಹೋಗಬಾರದ ಮನೆಯಲ್ಲಿ ಮರೆತುಬಂದ ಕಾರಣಕ್ಕೆ ಮುರಿದು ಬೀಳಬೇಕಾದ ಮದುವೆ, ಹತ್ತು ಹನ್ನೆರಡು ಹಾಡುಗಳ ನಂತರ ಹೇಗೋ ನಡೆದುಹೋಗುವ ತುಳು ನಾಟಕ. ಊರಿನ ಯುವಕ ಮಂಡಲದವರು ವಾರ್ಷಿಕೋತ್ಸವಕ್ಕೆ ಬೆಳ್ತಂಗಡಿಯ ತಂಡವನ್ನು ಕರೆಸಿ ಶಾಲೆಯ ಮೈದಾನದಲ್ಲಿ ಪ್ರತಿವರ್ಷ ಅದನ್ನೇ ಆಡಿಸುತ್ತಿದ್ದರು. ಒಂದು ವರ್ಷ ಬುದ್ಧಿವಂತರು ಯಾರೋ ಬೇರೆ ನಾಟಕ ಆಡಿಸಲು ಹೋಗಿ, ಜನ ಅರ್ಧಕ್ಕೇ ಚಾಪೆ ಸುತ್ತಿಕೊಂಡು ಎದ್ದುಹೋದ ಮೇಲೆ ಆ ಸಾಹಸಕ್ಕೆ ಮತ್ತೆ ಯಾರೂ ಕೈಹಾಕಲಿಲ್ಲ.

ಪಾತುಮ್ಮನ ಮನೆ ಮೈದಾನಕ್ಕೆ ತಾಗಿಕೊಂಡೇ ಇತ್ತು. ನಡುವೆ ಇದ್ದದ್ದು ಒಂದು ಮಣ್ಣಿನ ಗೋಡೆಯ ಪಾಗಾರ. ಆದರೆ ಅವರ ಮನೆಯ ಹೆಂಗಸರು ನಾಟಕಕ್ಕೆ ಹೋಗಿ ಕೂರುವ ರೂಢಿ ಇರಲಿಲ್ಲ. ಹೋಗಬೇಡ ಎಂದು ಅವಳಿಗೆ ಯಾರೂ ಹೇಳಿದ್ದಿಲ್ಲ, ಹೋಗಲೇ ಎಂದು ಅವಳೂ ಕೇಳಿದ್ದಿಲ್ಲ. ಮೈಕದವರು ಹಾರ್ನನ್ನು ಅವಳ ಅಂಗಳದ ಬದಿಯ ಹಲಸಿನ ಮರಕ್ಕೇ ಕಟ್ಟುತ್ತಿದ್ದುದರಿಂದ, ಬೀಡಿ ಎಲೆಯ ಮೊರವನ್ನು ತೊಡೆಯ ಮೇಲಿಟ್ಟು ಚಾವಡಿಯಲ್ಲಿ ಕುಳಿತರೆ ಹಾರ್ಮೋನಿಯಂ ಉಸಿರು ಎಳೆಯುವುದೂ ಕೇಳುತ್ತಿತ್ತು. ಕಾಣದ ಪಾತ್ರಗಳಿಗೆಲ್ಲ ಅವಳೇ ಮುಖ ಕೊಟ್ಟಳು. ಮದುಮಗನಿಗೆ ಮೂಡುಬಿದಿರೆಯ ಜವಳಿ ಅಂಗಡಿಯ ಸುಂದರ ಗುಮಾಸ್ತನ ಮುಖ. ಹೆಣ್ಣಿನ ತಾಯಿಗೆ ತನ್ನ ಸ್ವಂತ ಅತ್ತೆಯ ಮುಖ. ಅದಕ್ಕೆ ಹೆಚ್ಚು ಯೋಚಿಸಬೇಕಾಗಿ ಬರಲಿಲ್ಲ.

ಎಲ್ಲವೂ ಕಿವಿಗೆ ದಕ್ಕಿತ್ತು, ಒಂದು ಜಾಗ ಬಿಟ್ಟು. ಮೂರನೆಯ ದೃಶ್ಯದಲ್ಲಿ ಮದುವೆಯ ದಲ್ಲಾಳಿ ದಾಸಣ್ಣ ಹೆಣ್ಣಿನ ಮನೆಗೆ ಬರುತ್ತಾನೆ. ಹೆಣ್ಣಿನ ತಾಯಿ "ಕುಳಿತುಕೊಳ್ಳಿ ದಾಸಣ್ಣ" ಎನ್ನುತ್ತಾಳೆ. ಅಷ್ಟೆ, ಆಮೇಲೆ ಮಾತಿಲ್ಲ. ಹಾರ್ಮೋನಿಯಂ ಕೂಡ ಬಾಯಿ ಮುಚ್ಚುತ್ತದೆ. ತಬಲಾದವನು ಮಾತ್ರ ಬೆರಳ ತುದಿಯಲ್ಲಿ ಕೊಟ್, ಕೊಟ್, ಕೊಟಕೊಟ ಎನ್ನಿಸುತ್ತಾನೆ. ಮೈದಾನದ ತುಂಬ ನಗು ಏಳುತ್ತದೆ. ಹಾರ್ನು ಒಡೆಯುವ ಹಾಗೆ, ಹಲಸಿನ ಮರದ ಕಾಗೆಗಳು ಎದ್ದು ಹಾರುವ ಹಾಗೆ ನಗು. ಅದು ತಣ್ಣಗಾಗುವ ಹೊತ್ತಿಗೆ ಹೆಣ್ಣಿನ ತಾಯಿ ಕೂಗುತ್ತಾಳೆ: "ಅಯ್ಯೋ, ಅದನ್ನು ಅಲ್ಲೇ ಇಡಿ ಮಾರಾಯ್ರೇ!"

ಯಾವುದನ್ನು? ಎಲ್ಲಿ ಇಡುವುದು? ಇಪ್ಪತ್ತು ವರ್ಷ ಪಾತುಮ್ಮನ ತಲೆ ತಿಂದದ್ದು ಇದು.

ಗಂಡ ಉಮ್ಮರ್‌ಬ್ಯಾರಿಯನ್ನು ಕೇಳಿದಳು. ಅವನು ಅದೇ ಮೈದಾನದ ಮೂಲೆಯಲ್ಲಿ ಆಮ್ಲೆಟ್ ಗಾಡಿ ಇಡುವವನು. "ನಾನು ಬಾಣಲೆ ನೋಡುವುದೋ ದಾಸಣ್ಣನನ್ನು ನೋಡುವುದೋ?" ಎಂದ. ಜೊತೆಗೆ ಕುಳಿತು ಬೀಡಿ ಕಟ್ಟುವ ನೆರೆಮನೆಯ ಪದ್ಮಾಕ್ಷಿಯನ್ನು ಕೇಳಿದಳು. ಪದ್ಮಾಕ್ಷಿ ಪ್ರತಿವರ್ಷ ಮುಂದಿನ ಚಾಪೆಯಲ್ಲೇ ಕೂರುವವಳು. "ಅದಾ ಪಾತುಮ್ಮಕ್ಕ? ಅವ ಇದ್ದಾನಲ್ಲ ದಾಸಣ್ಣ, ಅವ ಕೂತದ್ದು..." ಎಂದು ಶುರುಮಾಡಿದವಳು ನಗು ತಡೆಯಲಾರದೆ ಮೊರವನ್ನೇ ಮಗುಚಿದಳು. ಹೊಗೆಸೊಪ್ಪಿನ ಪುಡಿ ಮೂಗಿಗೆ ಹೋಗಿ ಇಬ್ಬರೂ ಸೀನಿದ್ದೇ ಬಂತು. "ಅದು ಹೇಳ್ಲಿಕ್ಕೆ ಆಗುವಂಥದ್ದಲ್ಲ, ನೋಡ್ಲಿಕ್ಕೇ ಬೇಕು" ಎಂದು ಪದ್ಮಾಕ್ಷಿ ಕಣ್ಣೊರೆಸಿಕೊಂಡಳು. ನೋಡಲು ಆಗದವಳಿಗೆ ಹೇಳುವ ಮಾತೇ ಅದು? ಪಾತುಮ್ಮನಿಗೆ ಸಿಟ್ಟೂ ಬಂತು, ಹೊಟ್ಟೆಕಿಚ್ಚೂ ಆಯಿತು. ಕೊನೆಗೆ ಏನಾಗಿರಬಹುದೆಂದು ತನ್ನಷ್ಟಕ್ಕೇ ಒಂದು ಅಂದಾಜು ಕಟ್ಟಿಕೊಂಡಳು. ಅದನ್ನು ಯಾರಲ್ಲೂ ಹೇಳಲಿಲ್ಲ.

ಹೀಗಿರುವಾಗ ತೊಂಬತ್ತೆಂಟರಲ್ಲಿ ಯಾರೋ ಪುಣ್ಯಾತ್ಮರು 'ಮದಿಮಾಯನ ಕೊಡೆ'ಯನ್ನು ಸಿನೆಮಾ ಮಾಡಿದರು. ಮೂಡುಬಿದಿರೆಯ ಟಾಕೀಸಿಗೆ ಬಂದಿದೆಯೆಂದು ಜೀಪಿನಲ್ಲಿ ಮೈಕ ಕಟ್ಟಿ ತೋಡಾರಿನ ತನಕ ಕೂಗಿಕೊಂಡು ಹೋದರು. ಆಗ ಮಗ ಅಬ್ದುಲ್ ನಾಸಿರ್ ಸೌದಿಯ ದಮ್ಮಾಮಿನಿಂದ ರಜೆಯಲ್ಲಿ ಬಂದಿದ್ದ. ಉಮ್ಮನಿಗೆ ಎಂತ ಬೇಕು, ಬಳೆಯೋ ಫ್ರಿಜ್ಜೋ ಎಂದು ದಿನಾ ಕೇಳುತ್ತಿದ್ದ.

"ಆ ಸಿನೆಮಾ ಬೇಕು" ಎಂದಳು ಪಾತುಮ್ಮ.

"ಸಿನೆಮಾವಾ? ಉಮ್ಮ, ನೀವು?"

"ಪೂರ್ತಿ ಬೇಡ ಮಗಾ. ದಾಸಣ್ಣ ಕೂರುವಷ್ಟು ನೋಡಿದರೆ ಸಾಕು. ಆಮೇಲೆ ಎದ್ದು ಬರುವ."

ಮರುದಿನ ಮ್ಯಾಟಿನಿಗೆ ಹೊರಟರು. ಕಣ್ಣಿನ ಡಾಕ್ಟರರಲ್ಲಿಗೆ ಹೋಗುವುದೆಂದು ಕೇಳಿದವರಿಗೆಲ್ಲ ಹೇಳಿದ್ದಾಯಿತು. ಟಾಕೀಸಿನ ಒಳಗೆ ಕಾಲಿಟ್ಟರೆ ಅರ್ಧ ತೋಡಾರು ಅಲ್ಲೇ ಕುಳಿತಿತ್ತು. "ಓ ಪಾತುಮ್ಮಕ್ಕ, ಡಾಕ್ಟರು ಇಲ್ಲಿ ಕೂರುವುದಾ?" ಎಂದು ಪದ್ಮಾಕ್ಷಿ ಮೂರು ಸಾಲು ಹಿಂದಿನಿಂದ ಕೂಗಿದಳು. ಪಾತುಮ್ಮ ಬುರ್ಖಾ ಸರಿಮಾಡಿಕೊಂಡು ಕೇಳದವಳಂತೆ ಕುಳಿತಳು.

ಸಿನೆಮಾ ಶುರುವಾದದ್ದೇ ತಡ, ಅವಳಿಗೆ ತಕರಾರು ಹತ್ತಿತು. ಮದುಮಗನ ಕೆನ್ನೆ ನೋಡಿ "ಇವನಾ? ಇವ ಬನ್ಸಿನ ಹಾಗೆ ಇದ್ದಾನೆ" ಎಂದಳು. ಹೆಣ್ಣಿನ ತಾಯಿ ಸಣಕಲಿ, ಮಾತಿನಲ್ಲಿ ಖಾರವೇ ಇಲ್ಲ. "ನನ್ನ ಅತ್ತೆಯ ಕಾಲಿನ ಧೂಳಿಗೂ ಸಮ ಅಲ್ಲ" ಎಂದು, ಬದುಕಿರುವಾಗ ಯಾವತ್ತೂ ಹೊಗಳದ ಅತ್ತೆಯನ್ನು ಮೊದಲ ಸಲ ಹೊಗಳಿದಳು. ಪರದೆಯವರು ಬಾಯಿ ತೆರೆಯುವ ಮೊದಲೇ ಅವರ ಮಾತನ್ನು ಇವಳು ಹೇಳಿ ಮುಗಿಸುತ್ತಿದ್ದಳು. ಮುಂದಿನ ಸಾಲಿನವರು ತಿರುಗಿ ತಿರುಗಿ ನೋಡಿದರು. ನಾಸಿರ್ ಕುರ್ಚಿಯಲ್ಲಿ ಕೆಳಗೆ ಕೆಳಗೆ ಜಾರಿದ.

ಮೂರನೆಯ ದೃಶ್ಯ ಬಂತು. ದಾಸಣ್ಣ ಹೊಸ್ತಿಲು ದಾಟಿದ. ಪಾತುಮ್ಮ ಮಗನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಕುಳಿತುಕೊಳ್ಳಿ ದಾಸಣ್ಣ" ಎಂದಳು ಪರದೆಯ ಮೇಲಿನ ಸಣಕಲಿ.

ದಾಸಣ್ಣ ಕುಳಿತ. ಕುಳಿತ ಕೂಡಲೇ ಪರದೆಯ ತುಂಬ ಚಾರ್ಮಾಡಿ ಘಾಟಿಯ ಮಂಜು! ಬನ್ಸಿನ ಮದುಮಗ ಕಪ್ಪು ಕನ್ನಡಕ ಹಾಕಿಕೊಂಡು ಹುಡುಗಿಯ ಹಿಂದೆ ಓಡುತ್ತಿದ್ದ. ನಾಟಕದಲ್ಲಿ ಎಲ್ಲೂ ಇಲ್ಲದ ಹೊಸ ಹಾಡು. ಹಾಡು ಮುಗಿದಾಗ ದಾಸಣ್ಣ ಚಹಾ ಕುಡಿದು ಬೀಳ್ಕೊಂಡಾಗಿತ್ತು.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಪಾತುಮ್ಮ ಎದ್ದು ನಿಂತಳು. ಇಪ್ಪತ್ತು ವರ್ಷದ ಬಾಕಿ ಒಟ್ಟಿಗೇ ಗಂಟಲಿಗೆ ಬಂತು. "ಹೇ! ನಡುವೆ ಇದ್ದದ್ದು ಎಲ್ಲಿ? ಅವ ಕೂತದ್ದು ಎಲ್ಲಿ ಹೋಯ್ತು?"

"ನಾನು ಕೇಳುವುದೂ ಅದನ್ನೇ!" ಎಂದು ಮುಂದಿನಿಂದ ಇನ್ನೊಂದು ಸ್ವರ ಎದ್ದಿತು. ಬಿಳಿ ಮುಂಡು ಉಟ್ಟ ಒಬ್ಬ ಮುದುಕರು ನಿಂತು ಪರದೆಗೆ ಕೈ ತೋರಿಸುತ್ತಿದ್ದರು. "ಇಷ್ಟು ವರ್ಷ ನಾನು ಮಾಡಿದ್ದನ್ನು ಕತ್ತರಿಸಿ ಬಿಸಾಡಿದ್ದಾರೆ!"

ಆ ಸ್ವರವನ್ನು ಪಾತುಮ್ಮ ಎಲ್ಲಿದ್ದರೂ ಗುರುತಿಸುವವಳು. ಅದು ನಾಟಕದ ದಾಸಣ್ಣನದು. ನಿಜವಾದ ಹೆಸರು ಧರ್ಣಪ್ಪ. ಕಕ್ಕಿಂಜೆಯಲ್ಲಿ ರಬ್ಬರು, ಅಡಿಕೆ ಮಾಡಿಕೊಂಡಿದ್ದವರು. ಸಿನೆಮಾದವರು ಅವರ ಪಾತ್ರವನ್ನು ಪೇಟೆಯವನೊಬ್ಬನಿಗೆ ಕೊಟ್ಟಿದ್ದರು. ಆ ಪೇಟೆಯವ ಹೇಗೆ ಹಾಳುಮಾಡುತ್ತಾನೆಂದು ನೋಡಿ ಸುಖಪಡಲು ಎರಡು ಬಸ್ಸು ಬದಲಿಸಿ ಬಂದಿದ್ದರು. ಹಾಳುಮಾಡುವಷ್ಟೂ ಉಳಿಸಿರಲಿಲ್ಲವೆಂಬುದು ಅವರ ಸಂಕಟ.

ಇಂಟರ್ವಲ್ ಬೆಲ್ ಹೊಡೆದದ್ದೇ ಪಾತುಮ್ಮ ಹೊರಗೆ ನಡೆದಳು. ಧರ್ಣಪ್ಪ ಮೆಟ್ಟಿಲ ಹತ್ತಿರ ಸೋಡಾ ಕುಡಿಯುತ್ತ ಸಿಡಿಮಿಡಿಗೊಳ್ಳುತ್ತಿದ್ದರು. ಪರಗಂಡಸರಲ್ಲಿ ನೇರ ಮಾತಾಡಿ ಅಭ್ಯಾಸವಿಲ್ಲದ ಪಾತುಮ್ಮ, ಎರಡು ಮಾರು ದೂರ ನಿಂತು ಮಗನಿಗೆ ಹೇಳಿದಳು: "ನಾಸಿರ್, ಅವರಲ್ಲಿ ಕೇಳು. ಕೂತದ್ದು ಹೇಗೆ ಅಂತ."

"ನಿಮ್ಮ ತಾಯಿಗೆ ಹೇಳಿ, ತೋರಿಸ್ತೇನೆ ಅಂತ" ಎಂದರು ಧರ್ಣಪ್ಪ. ಸೋಡಾ ಬಾಟ್ಲಿ ಕೆಳಗಿಟ್ಟರು. ತಮ್ಮ ಕೊಡೆಯ ಹಿಡಿಯನ್ನು ಅಂಗಿಯ ಕಾಲರಿಗೆ ಹಿಂದಿನಿಂದ ಸಿಕ್ಕಿಸಿದರು, ನಮ್ಮ ಕಡೆಯ ಗಂಡಸರು ಸಿಕ್ಕಿಸುವ ಹಾಗೆಯೇ. ಇಲ್ಲದ ಕುರ್ಚಿಯಲ್ಲಿ ಕುಳಿತರು. ಕೊಡೆ ಎಲ್ಲಿ ಎಂದು ಹುಡುಕಲು ತೊಡಗಿದರು. ಕುರ್ಚಿಯ ಅಡಿಯಲ್ಲಿ ನೋಡಿದರು, ಹೆಣ್ಣಿನ ತಾಯಿಯ ಎಲೆಪೆಟ್ಟಿಗೆಯ ಒಳಗೂ ನೋಡಿದರು. ಅವರು ತಿರುಗಿದ ಕಡೆಗೆಲ್ಲ ಬೆನ್ನಿನ ಕೊಡೆಯೂ ತಿರುಗಿತು. ಕೊನೆಗೆ ಕೈಗೆ ಸಿಕ್ಕಿದಾಗ ಸಂತೋಷ ತಡೆಯದೆ ಮನೆಯೊಳಗೇ ಫಟ್ಟೆಂದು ಬಿಡಿಸಿದರು. ಸುತ್ತ ಸೇರಿದ್ದ ತೋಡಾರು, ಪುತ್ತಿಗೆಯ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಪದ್ಮಾಕ್ಷಿಯಂತೂ ಕಂಬಕ್ಕೆ ಒರಗಿಬಿಟ್ಟಳು.

ನಗದೆ ನಿಂತದ್ದು ಪಾತುಮ್ಮ ಒಬ್ಬಳೇ. ಅವಳ ಮುಖ ಸಣ್ಣದಾಗಿತ್ತು.

"ಇಷ್ಟೆಯಾ?" ಎಂದಳು.

ಧರ್ಣಪ್ಪನ ಕೊಡೆ ತನ್ನಿಂತಾನೇ ಕೆಳಗಿಳಿಯಿತು. ನಾಸಿರನಿಗೆ ನೆಲ ಬಿರಿದು ನುಂಗಿದರೆ ಸಾಕಿತ್ತು.

"ಮತ್ತೆ ನೀವು ಎಂತ ಎಣಿಸಿದ್ದು ಅಕ್ಕಾ?" ಎಂದು ಧರ್ಣಪ್ಪ ಈ ಸಲ ನೇರವಾಗಿ ಅವಳನ್ನೇ ಕೇಳಿದರು. ಸ್ವರದಲ್ಲಿ ನೋವಿತ್ತು.

ಪಾತುಮ್ಮನೂ ಮಗನನ್ನು ಮರೆತಳು. "ಕೋಳಿ ಅಲ್ಲವಾ? ಕುರ್ಚಿಯಲ್ಲಿ ಹೇಂಟೆ ಮೊಟ್ಟೆಗೆ ಕೂತಿರ್ತದೆ. ಕುಳಿತುಕೊಳ್ಳಿ ಅಂದರು ಅಂತ ನೀವು ಕೂರ್ಲಿಕ್ಕೆ ಹೋಗ್ತೀರಿ. ಕೊಟ್ ಕೊಟ್ ಅಂತ ಅದು ಕೇಳಿಸ್ತದಲ್ಲ!"

"ಅದು ತಬಲಾ ಅಕ್ಕಾ."

"ನಮ್ಮ ಮನೆಯಲ್ಲಿ ಅದು ಕೋಳಿ" ಎಂದಳು ಪಾತುಮ್ಮ. ಅಷ್ಟಕ್ಕೇ ನಿಲ್ಲಿಸಲು ಆಗಲಿಲ್ಲ. ಇಪ್ಪತ್ತು ವರ್ಷ ಮನಸ್ಸಿನೊಳಗೆ ಆಡಿಸಿದ ದೃಶ್ಯ ಅದು. ನಾಸಿರ್ ತಂದುಕೊಟ್ಟ ಹೊಸ ಕೈಚೀಲವನ್ನು ಕಂಕುಳಲ್ಲಿ ಒತ್ತಿ ಹಿಡಿದಳು. ಚೀಲ ಹೇಂಟೆಯಾಯಿತು. ಒಂದು ಕೈಯಲ್ಲಿ ಅದರ ಕೊಕ್ಕನ್ನು ತಪ್ಪಿಸುತ್ತ, ಇನ್ನೊಂದರಲ್ಲಿ ಹೆಣ್ಣಿನ ತಾಯಿಗೆ ಮರ್ಯಾದೆಯಿಂದ ನಮಸ್ಕಾರ ಮಾಡಲು ನೋಡಿದಳು. ನಮಸ್ಕಾರ ಅರ್ಧದಲ್ಲಿರುವಾಗ ಅವಳ ಕಣ್ಣು ಅಗಲವಾಯಿತು. ಮೆಲ್ಲನೆ ಚೀಲದ ಅಡಿಗೆ ಅಂಗೈ ಒಡ್ಡಿದಳು. ಬಿಸಿ ಮೊಟ್ಟೆ! ಅದನ್ನು ಎಲ್ಲಿಡುವುದೆಂದು ತಿಳಿಯದೆ ಕಿಸೆ ಹುಡುಕಿದಳು, ಕಿಸೆ ಸಿಕ್ಕಲಿಲ್ಲ. ಅಷ್ಟರಲ್ಲಿ ಹೆಣ್ಣಿನ ತಾಯಿ ಚಹಾ ತಂದಳು. ಬೇಡ ಎಂದರೆ ಸಂಬಂಧ ಮುರಿಯುತ್ತದೆ. ಕೈ ಎರಡೂ ಖಾಲಿ ಇಲ್ಲ. ಪಾತುಮ್ಮ ಹಲ್ಲು ಬಿಟ್ಟು ನಗುತ್ತ, ಕುತ್ತಿಗೆ ಚಾಚಿ, ಬಾಯಿಯಿಂದಲೇ ಗ್ಲಾಸು ಹಿಡಿಯಲು ಹೋದಳು.

"ಅಯ್ಯೋ, ಅದನ್ನು ಅಲ್ಲೇ ಇಡಿ ಮಾರಾಯ್ರೇ!" ಎಂದು ಪದ್ಮಾಕ್ಷಿ ಕಿರುಚಿದಳು.

ಧರ್ಣಪ್ಪ ಮೆಟ್ಟಿಲ ಮೇಲೆ ಕುಕ್ಕರಿಸಿ, ಕೊಡೆಯನ್ನು ಅಪ್ಪಿಕೊಂಡು, ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಬೆಲ್ ಹೊಡೆಯಿತು. ಒಳಗೆ ಬನ್ಸಿನ ಮದುಮಗ ಖಾಲಿ ಕುರ್ಚಿಗಳ ಮುಂದೆ ಅಳತೊಡಗಿದ. ಒಬ್ಬರೂ ಒಳಗೆ ಹೋಗಲಿಲ್ಲ.

"ನನ್ನ ಕೊಡೆ ಸಾಕಿನ್ನು" ಎಂದರು ಧರ್ಣಪ್ಪ, ಉಸಿರು ಸಿಕ್ಕಿದ ಮೇಲೆ. "ಈ ಸಲ ಕೋಳಿಯನ್ನೇ ಮಾಡ್ತೇನೆ. ಆದರೆ ನೀವು ಮುಂದೆ ಬಂದು ಕೂರ್ಬೇಕು ಅಕ್ಕಾ. ತಪ್ಪಿದರೆ ಹೇಳುವವರು ಬೇಕಲ್ಲ?"

ಪಾತುಮ್ಮ ತಲೆ ತಗ್ಗಿಸಿ "ಮನೆಯಲ್ಲಿ ಕೇಳ್ಬೇಕು" ಎಂದಳು. ಮನೆಯಲ್ಲಿ ಉಮ್ಮರ್‌ಬ್ಯಾರಿ ಬೀಡಿ ಹಚ್ಚಿದ. ಊರೆಲ್ಲ ಆಗಲೇ ಸುದ್ದಿಯಾಗಿತ್ತು. "ಮೂಡುಬಿದಿರೆಯ ಟಾಕೀಸಿನ ಅಂಗಳದಲ್ಲಿ ಕುಣಿದು ಬಂದವಳಿಗೆ ಪಾಗಾರದ ಆಚೆ ಎಷ್ಟು ದೂರ? ಹೋಗು" ಎಂದ.

ಆ ವರ್ಷದ ವಾರ್ಷಿಕೋತ್ಸವಕ್ಕೆ ಕೋಳಿ ಪಾತುಮ್ಮನದೇ ಹೋಯಿತು, ಒಳ್ಳೆಯ ಬುದ್ಧಿಯ ಒಂದು ಚುಕ್ಕೆ ಹೇಂಟೆ. ಅವಳು ಪದ್ಮಾಕ್ಷಿಯ ಚಾಪೆಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕುಳಿತಳು. ಮೂರನೆಯ ದೃಶ್ಯ ಬರುವ ತನಕ ಒಂದು ಹಾಡೂ ಅವಳ ತಲೆಗೆ ಹೋಗಲಿಲ್ಲ. ಕೋಳಿ ಹೆದರಿದರೆ? ಜನ ನಗದೆ ಹೋದರೆ? ಒಳ್ಳೆಯ ನಗುವೊಂದನ್ನು ತಾನು ಹಾಳುಮಾಡಿದೆನೇ?

"ಕುಳಿತುಕೊಳ್ಳಿ ದಾಸಣ್ಣ."

ಧರ್ಣಪ್ಪ ಹೇಂಟೆಯನ್ನು ಎತ್ತಿದರು. ಕೊಟ್, ಕೊಟ್ ಎಂದಿತು ತಬಲಾ. ಕೊಡೆಗೆ ಕಾದಿದ್ದವರು ಕುತ್ತಿಗೆ ಉದ್ದಮಾಡಿದರು. ಮೊಟ್ಟೆ ಅಂಗೈಗೆ ಬಂದದ್ದೇ ತಡ, ನಗು ಎದ್ದಿತು. ಹಿಂದಿನ ವರ್ಷಗಳ ನಗುವೆಲ್ಲ ಇದರ ಮುಂದೆ ಕೆಮ್ಮು. ಪಾಗಾರ ಹತ್ತಿದವರು, ಸೈಕಲ್ಲಿನ ಮೇಲೆ ನಿಂತವರು, ಮುದುಕರು, ಮಕ್ಕಳು ಎಲ್ಲರೂ ಬಾಯಿ ತೆರೆದು ನಗುತ್ತಿದ್ದರು. ಪಾತುಮ್ಮ ರಂಗಕ್ಕೆ ಬೆನ್ನು ಹಾಕಿ, ಚಾಪೆಯ ಮೇಲೆ ಪೂರ್ತಿ ಹಿಂದೆ ತಿರುಗಿ ಕುಳಿತು ಆ ಮುಖಗಳನ್ನು ಒಂದೊಂದಾಗಿ ನೋಡತೊಡಗಿದಳು.

ಪದ್ಮಾಕ್ಷಿ ಅವಳ ತೋಳು ಹಿಡಿದು ಜಗ್ಗಿದಳು. "ಪಾತುಮ್ಮಕ್ಕ, ಎಲ್ಲಿ ನೋಡ್ತೀರಿ? ನಾಟಕ ಆಚೆ ಉಂಟು!"

"ಇರಲಿ ಪದ್ಮಾಕ್ಷಿ" ಎಂದಳು ಪಾತುಮ್ಮ, ತಿರುಗದೆ. "ನಾಟಕ ನನಗೆ ಬಾಯಿಪಾಠ. ಇವರನ್ನು ನಾನು ನೋಡಿಲ್ಲ."