ಮೈಗೆ ಹತ್ತದ ಗೋಧಿ

ಕೊಟ್ಟೂರಿನ ನಮ್ಮ ಮನೆಯಲ್ಲಿ ದಿನದ ಊಟಕ್ಕೆ ಜೋಳದ ರೊಟ್ಟಿ. ಗೋಧಿಯ ಅಂತಸ್ತೇ ಬೇರೆ. ಅದು ಬೀಗರಿಗೆ, ಹಬ್ಬಕ್ಕೆ, ಕಾಯಿಲೆಯವರಿಗೆ. ಹೀಗಾಗಿ ಹಡಗಲಿಗೆ ಕೊಟ್ಟ ತಂಗಿ ಭೇದಿಯಿಂದ ಸೊರಗಿ ತವರಿಗೆ ಬಂದಾಗ ಅವ್ವ ಅವಳಿಗೆ ರೊಟ್ಟಿಯನ್ನು ನಿಷೇಧಿಸಿದಳು. ಬೆಳಿಗ್ಗೆ ಗೋಧಿ ರವೆಯ ಗಂಜಿ, ಮಧ್ಯಾಹ್ನ ತುಪ್ಪದ ಚಪಾತಿ, ಸಂಜೆ ಗೋಧಿ ಹುಗ್ಗಿ. ನೋಡಲು ಬಂದವರೆಲ್ಲ ಬ್ರೆಡ್ಡು ತಂದರು. ತಂಗಿ ಎಲ್ಲವನ್ನೂ ವಿಧೇಯಳಾಗಿ ತಿಂದು ಇನ್ನಷ್ಟು ಸೊರಗಿದಳು. ಬಳೆಗಳು ಮೊಣಕೈವರೆಗೆ ಜಾರತೊಡಗಿದವು.

"ತಿಂದಿದ್ದೆಲ್ಲ ಎಲ್ಲಿಗೆ ಹೋಗ್ತೈತಲೇ?" ಎಂದು ಕೇಳಿದೆ.

"ಗೊತ್ತಾದ್ರ ನನಗೂ ಹೇಳಣ್ಣ, ಅಲ್ಲಿಗೇ ಹೋಗಿ ಉಣ್ತೀನಿ" ಎಂದಳು, ಗೋಡೆ ಹಿಡಿದು ಏಳುತ್ತ.

ಅವಳನ್ನು ದಾವಣಗೆರೆಗೆ ಕರೆದೊಯ್ದೆವು. ವೈದ್ಯರು ರಕ್ತ ನೋಡಿ, ಬಾಯಿಂದ ಕೊಳವೆ ಇಳಿಸಿ, ಸಣ್ಣ ಕರುಳಿನ ಚೂರೊಂದನ್ನು ಪರೀಕ್ಷೆಗೆ ಕಳಿಸಿ, ಕೊನೆಗೆ ಉತ್ತರ ಕೊಟ್ಟರು. ಆ ಕರುಳಿನ ಒಳಗೋಡೆ ಟರ್ಕಿ ಟವೆಲಿನ ಹಾಗಂತೆ, ಮೈತುಂಬ ಪುಟ್ಟ ಎಳೆಗಳು. ಜೀರ್ಣವಾದ ಅನ್ನದ ಸಾರವನ್ನು ಹೀರಿ ರಕ್ತಕ್ಕೆ ದಾಟಿಸುವ ಉದ್ಯೋಗ ಅವುಗಳದು. ತಂಗಿಗೆ ಗೋಧಿ ಒಗ್ಗದು. ಗೋಧಿ ಇಳಿದಾಗಲೆಲ್ಲ ಅವಳ ಮೈಯೇ ಆ ಎಳೆಗಳ ಮೇಲೆ ಯುದ್ಧ ಸಾರಿ, ಸವೆಸಿ, ನುಣ್ಣಗೆ ಮಾಡಿತ್ತು. ನಾವು ಹಾಕಿದ ತುಪ್ಪವೂ ಸಲೀಸಾಗಿ ಜಾರಿಹೋಗುತ್ತಿತ್ತು. ಗೋಧಿ ಪೂರ್ತಿ ಬಿಟ್ಟರೆ ಎಳೆಗಳು ಮತ್ತೆ ಚಿಗುರುತ್ತವೆ.

"ಮತ್ತ ಏನು ಉಣಿಸಬೇಕ್ರಿ?" ಎಂದಳು ಅವ್ವ.

"ಜೋಳದ ರೊಟ್ಟಿ."

"ಬ್ಯಾನಿ ಬಿದ್ದ ಮಗಳಿಗೆ ರೊಟ್ಟಿ ಹಾಕಿದ್ರ ಬೀಗರು ಏನಂತಾರ್ರಿ?"

"ಬೀಗರ ಮುಖ ನೋಡ್ತೀರೋ, ಮಗಳ ಮುಖ ನೋಡ್ತೀರೋ?"

ಅಂದಿನಿಂದ ರೊಟ್ಟಿ ಬಡಿಯುವಾಗ ಅವ್ವ ಅಡುಗೆಮನೆಯ ಬಾಗಿಲು ಮುಚ್ಚುತ್ತಿದ್ದಳು. ಸದ್ದು ನೆರೆಮನೆಗೆ ಕೇಳಬಾರದು. ಫೋನಿನಲ್ಲಿ ಹಡಗಲಿಯವರಿಗೆ ಬಾಯಿ ಬಿಡಕೂಡದೆಂದು ನಮಗೆಲ್ಲ ಆಣೆಯಾಯಿತು. ಭೇದಿ ನಿಂತಿತು. ಕೆಲವು ತಿಂಗಳಲ್ಲಿ ತಂಗಿ ನೀರಿನ ಕೊಡ ಎತ್ತಿದಳು.

ಕರೆದೊಯ್ಯಲು ಬಂದ ಅವಳ ಗಂಡ ಹೊಸ್ತಿಲಲ್ಲೇ ನಿಂತ. "ಅತ್ತಿ, ಏನು ಉಣಿಸಿದ್ರಿ ಇಕಿಗೆ?"

ಅವ್ವನಿಗೆ ಧರ್ಮಸಂಕಟ. ನಿಜ ಹೇಳಿದರೆ ಮನೆತನದ ಮಾನ ಹೋಗುತ್ತದೆ. ಸುಳ್ಳು ಹೇಳಿದರೆ ಹಡಗಲಿಯಲ್ಲಿ ಮಗಳಿಗೆ ಮತ್ತೆ ಚಪಾತಿ. ಸೆರಗು ಸರಿಮಾಡಿಕೊಂಡಳು.

"ರೊಟ್ಟಿರೀ. ಮೂರು ಹೊತ್ತೂ ಬರೇ ರೊಟ್ಟಿ. ನಿಮ್ಮವ್ವಗೂ ಹೇಳ್ರಿ. ಗೋಧಿ ಹಾಕಿದ್ದು ಗೊತ್ತಾತು ಅಂದ್ರ ಬಸ್ ಹತ್ತಿ ಬಂದು ನನ್ನ ಮಗಳನ್ನ ಕರಕೊಂಡು ಹೋಗ್ತೀನಿ."

ಊಟಕ್ಕೆ ಅಳಿಯನಿಗೆ ಚಪಾತಿಯನ್ನೇ ಬಡಿಸಿದಳು. ಅವನ ಕರುಳಿನ ಬಗ್ಗೆ ಈವರೆಗೆ ಯಾವ ದೂರೂ ಬಂದಿರಲಿಲ್ಲ.